ಬರಲಿರುವ ಕಾದಂಬರಿ ಮೊದಲು ಯಾರ ಕೈಗೆ?

(ಧಾರವಾಡದ ಒಂದು ಪ್ರೌಢಶಾಲೆಯಲ್ಲಿ ಪಾಲಕರು, ಶಿಕ್ಷಕರು ಮತ್ತು ಎಂಟನೇ ತರಗತಿಯಿಂದ ಪಿಯುಸಿವರೆಗಿನ ಮಕ್ಕಳ ಮುಂದೆ ಆಡಿದ ಮಾತುಗಳ ಬರಹ ರೂಪ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಅಕ್ಕೋರಿಗೆ, ಗುರುಗಳಿಗೆ, ಕೆಲಸ ಬಿಟ್ಟು ಬಂದ ಪಾಲಕರಿಗೆ, ಹಿಂದಿನ ಸಾಲಿನಲ್ಲಿ ಕೂತ ಪಿಯುಸಿ ಮಕ್ಕಳಿಗೆ.

ಹದಿಹರೆಯದವರಿಗೆ ಹೊಸ ಕಾದಂಬರಿಗಳನ್ನು, ಅದರಲ್ಲೂ ಇನ್ನೇನು ಬರಲಿರುವ ಕಾದಂಬರಿಗಳನ್ನು ಹೇಗೆ ಸೂಚಿಸಬೇಕು ಅನ್ನುವುದು ಇವತ್ತಿನ ವಿಷಯ. ಕರೆಯಲು ಬಂದವರು "ಒಂದು ಪಟ್ಟಿ ತಗೊಂಡು ಬರ್ರಿ" ಅಂದಿದ್ದರು. ಪಟ್ಟಿ ತಂದಿದ್ದೇನೆ, ಸಣ್ಣದು. ಅದಕ್ಕೂ ಮೊದಲು ನನ್ನ ವಾದ ಹೇಳಿಬಿಡುತ್ತೇನೆ. ಹೊಸ ಪುಸ್ತಕ ಮೊದಲು ಮಕ್ಕಳ ಕೈಗೆ ಹೋಗಬೇಕು. ದೊಡ್ಡವರು ಓದಿ, ಸೋಸಿ, ಅಡ್ಡಿಯಿಲ್ಲ ಅಂದ ಮೇಲೆ ಮಕ್ಕಳಿಗೆ ದಾಟಿಸುವುದು ನಮ್ಮ ರೂಢಿ. ಈ ರೂಢಿ ಬದಲಾಗಬೇಕು. ಸಾಧ್ಯವಾದರೆ ಪುಸ್ತಕ ಅಚ್ಚಾಗುವ ಮೊದಲೇ ಅವರು ಅದನ್ನು ಓದಬೇಕು.

ಯಾಕೆ ಅಂತ ಕೇಳುತ್ತೀರಿ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಬಂತು. ನನಗೆ ತುಂಬ ಇಷ್ಟದ ಪುಸ್ತಕ. ಅದನ್ನು ಒಂಬತ್ತನೇ ತರಗತಿಯ ಹುಡುಗನ ಕೈಗೆ ಕೊಟ್ಟರೆ, ಅದು ಒಳ್ಳೆಯದು ಅಂತ ಆಗಲೇ ತೀರ್ಮಾನ ಆಗಿಹೋಗಿದೆ ಅನ್ನುವುದು ಅವನಿಗೆ ಗೊತ್ತಿರುತ್ತದೆ. ಅಪ್ಪ ಓದಿದ್ದಾರೆ, ಗುರುಗಳು ಓದಿದ್ದಾರೆ, ಪರೀಕ್ಷೆಯಲ್ಲಿ ಲೇಖಕರ ಪರಿಚಯ ಬರೆದಾಗಿದೆ. ಇನ್ನು ಅವನಿಗೆ ಉಳಿದ ಕೆಲಸ ಒಪ್ಪಿಕೊಳ್ಳುವುದು ಮಾತ್ರ. ಇಷ್ಟವಾಗದಿದ್ದರೆ ತಪ್ಪು ತನ್ನದೇ ಇರಬೇಕು ಅಂದುಕೊಂಡು ಸುಮ್ಮನಾಗುತ್ತಾನೆ.

ಹೊಸ ಪುಸ್ತಕ ಹಾಗಲ್ಲ. ವಿಮರ್ಶೆ ಬಂದಿಲ್ಲ. ಪಠ್ಯ ಆಗಿಲ್ಲ. ಗೈಡ್ ಇಲ್ಲ. ಅದರ ಮುಂದೆ ಅಕ್ಕೋರೂ ಹುಡುಗನೂ ಸಮ. ಹದಿನಾಲ್ಕು ವಯಸ್ಸಿನಲ್ಲಿ ಒಂದು ವಿಷಯದಲ್ಲಾದರೂ ದೊಡ್ಡವರ ಸಮಕ್ಕೆ ನಿಂತು ಮಾತಾಡುವುದು ಸಣ್ಣ ಸಂಗತಿ ಅಲ್ಲ. ಓದುವ ಚಟ ಹತ್ತುವುದು ಇಂಥ ಕಡೆಯೇ.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಓದಿನ ಗುಂಪಿಗೆ ಪರಿಚಯದ ಲೇಖಕಿಯೊಬ್ಬರು ತಮ್ಮ ಹೊಸ ಕಾದಂಬರಿಯ ಮೊದಲ ಅಧ್ಯಾಯಗಳನ್ನು ಅಚ್ಚಿಗೆ ಕೊಡುವ ಮೊದಲು ಕಳಿಸಿದರು. ಝೆರಾಕ್ಸ್ ಹಾಳೆಗಳು, ಮೂಲೆಗೆ ಒಂದು ಪಿನ್ನು. ಮಕ್ಕಳಿಗೆ ಹಂಚಿ, ಪೆನ್ಸಿಲ್ ಕೊಟ್ಟು, ಅನ್ನಿಸಿದ್ದನ್ನು ಪಕ್ಕದಲ್ಲೇ ಬರೆಯಿರಿ ಅಂದೆ. ಮೊದಲು ಯಾರೂ ಬರೆಯಲಿಲ್ಲ. ಅಚ್ಚಾದಂತೆ ಕಾಣುವ ಹಾಳೆಯ ಮೇಲೆ ಗೀಚುವುದು ತಪ್ಪು ಅಂತ ನಾವೇ ಕಲಿಸಿದ್ದೇವಲ್ಲ. ಕೊನೆಗೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಒಂದು ಸಾಲಿಗೆ ಗೆರೆ ಎಳೆದಳು. ಕಥೆಯಲ್ಲಿ ತಾಯಿ ಮಗಳಿಗೆ "ನೀನು ಯಾವಾಗಲೂ ಹೀಗೆಯೇ ಮಾಡುತ್ತೀಯೆ" ಅಂದಿದ್ದಳು. ಹುಡುಗಿ ಪಕ್ಕದಲ್ಲಿ ಬರೆದಳು: "ಸಿಟ್ಟು ಬಂದಾಗ ನಮ್ಮವ್ವ ಇಷ್ಟು ಉದ್ದ ಮಾತಾಡಂಗಿಲ್ರಿ. ಬರೇ ನನ್ನ ಹೆಸರು ಕರೀತಾಳ." ಇನ್ನೊಬ್ಬ ಹುಡುಗ, ಕಥಾನಾಯಕ ಗೆಳೆಯನಿಗೆ ಫೋನ್ ಮಾಡಿ ಐದು ನಿಮಿಷ ಮಾತಾಡುವ ಕಡೆ ಬರೆದ: "ಯಾರೂ ಫೋನ್ ಹಚ್ಚಂಗಿಲ್ರಿ, ವಾಯ್ಸ್ ನೋಟ್ ಕಳಸ್ತೀವಿ." ಲೇಖಕಿ ಎರಡನ್ನೂ ತಿದ್ದಿದರು. ತಾಯಿ ಈಗ ಮಗಳ ಹೆಸರನ್ನಷ್ಟೇ ಕರೆಯುತ್ತಾಳೆ. ಆ ಜಾಗ ಮೊದಲಿಗಿಂತ ಚೆನ್ನಾಗಿದೆ.

ಆ ಇಬ್ಬರೂ ಆಮೇಲೆ ಪುಸ್ತಕಕ್ಕೆ ಕಾದರು. ಬಂತೇನ್ರಿ, ಯಾವಾಗ ಬರುತ್ತೆ ಅಂತ ಪ್ರತಿ ವಾರ ಕೇಳುತ್ತಿದ್ದರು. ಪುಸ್ತಕಕ್ಕಾಗಿ ಕಾಯುವ ಮಕ್ಕಳನ್ನು ನೋಡಿ ನನಗಾದ ಖುಷಿ ಹೇಳತೀರದು.

ಹೀಗೆ ಕಾಯುವುದು ನಮ್ಮ ಭಾಗಕ್ಕೆ ಹೊಸದೇನಲ್ಲ. ಹಾವೇರಿ ಕಡೆಯ ಗಳಗನಾಥರ ಹೆಸರು ಮಕ್ಕಳು ಕೇಳಿರಬಹುದು. ವೆಂಕಟೇಶ ತಿರಕೋ ಕುಲಕರ್ಣಿ, 1869ರಲ್ಲಿ ಹುಟ್ಟಿದವರು, ಶಾಲೆಯಲ್ಲಿ ಮಾಸ್ತರರಾಗಿದ್ದವರು. ಅಗಡಿಯ ಆನಂದವನದಿಂದ ಹೊರಡುತ್ತಿದ್ದ 'ಸದ್ಬೋಧ ಚಂದ್ರಿಕೆ' ಅನ್ನುವ ಮಾಸಪತ್ರಿಕೆಯಲ್ಲಿ ಅವರ ಕಾದಂಬರಿಗಳು ಕಂತು ಕಂತಾಗಿ ಬರುತ್ತಿದ್ದವು. ಮುಂದೇನಾಯಿತು ಅಂತ ತಿಳಿಯಲು ಮುಂದಿನ ತಿಂಗಳ ಸಂಚಿಕೆ ಬರಬೇಕು. ಪುಸ್ತಕವಾದ ಮೇಲೆ ಅವರೇ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಓದುಗರನ್ನು ಹೀಗೆ ಒಬ್ಬೊಬ್ಬರನ್ನಾಗಿ ಕಂಡು ಮಾತಾಡಿಸಿದ ಲೇಖಕರು ಕಡಿಮೆ.

ಆಮೇಲೆ ನಮ್ಮ ಧಾರವಾಡದ ಮನೋಹರ ಗ್ರಂಥಮಾಲೆ. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ್ದು. ಸುಭಾಸ್ ರಸ್ತೆಯಲ್ಲಿ ಮಹಡಿಯ ಮೇಲಿರುವ ಅದರ ಕಚೇರಿಯನ್ನು, ಎಲ್ಲರೂ ಕರೆಯುವ ಆ 'ಅಟ್ಟ'ವನ್ನು, ಇಲ್ಲಿನ ಹಿರಿಯರೆಲ್ಲ ಹತ್ತಿ ಇಳಿದಿದ್ದಾರೆ. ಅದು ಚಂದಾದಾರರ ಬಲದ ಮೇಲೆ ನಿಂತ ಪ್ರಕಾಶನ. ಅಂದರೆ ಜನ ಮೊದಲು ದುಡ್ಡು ಕಟ್ಟುತ್ತಿದ್ದರು, ಪುಸ್ತಕ ಆಮೇಲೆ ಮನೆಗೆ ಬರುತ್ತಿತ್ತು. ಬರುವ ಪುಸ್ತಕ ಹೇಗಿರುತ್ತದೆ ಅಂತ ಅವರು ನೋಡಿರಲಿಲ್ಲ. 1961ರಲ್ಲಿ ಆ ಮಾಲೆಯಿಂದ 'ಯಯಾತಿ' ಹೊರಬಂದಾಗ ಅದನ್ನು ಬರೆದ ಗಿರೀಶ ಕಾರ್ನಾಡರಿಗೆ ಇಪ್ಪತ್ಮೂರು. ಅದು ಅವರ ಮೊದಲ ನಾಟಕ. ಹೆಸರೇ ಕೇಳಿರದ ಹುಡುಗನ ಪುಸ್ತಕವನ್ನು ಚಂದಾದಾರರು ಅಂಚೆಯಲ್ಲಿ ಬಿಚ್ಚಿ ನೋಡಿದರು. ಈಗ ನಾವು ಆ ನಾಟಕವನ್ನು ಕ್ಲಾಸಿಕ್ ಅನ್ನುತ್ತೇವೆ. ಅವರಿಗೆ ಅದು ಹೊಸ ಪುಸ್ತಕ, ಅಷ್ಟೇ. ಅವರ ಆ ಧೈರ್ಯ ನಮ್ಮ ಮಕ್ಕಳಿಗೂ ಬರಬೇಕು.

ಇಂಗ್ಲಿಷ್ ಜಗತ್ತಿನ ಮಾತೂ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ 'ಯಂಗ್ ಅಡಲ್ಟ್' ಅನ್ನುವ ವಿಭಾಗ ಬೆಳೆದದ್ದು ಅಲ್ಲಿ. ಹನ್ನೆರಡರಿಂದ ಹದಿನೆಂಟರ ವಯಸ್ಸಿನವರಿಗೆ ಅಂತ ಬರುವ ಕಾದಂಬರಿಗಳು. ಅಮೆರಿಕದ ಗ್ರಂಥಪಾಲಕರ ಸಂಘದಲ್ಲಿ ಈ ವಯಸ್ಸಿನ ಓದುಗರಿಗೆಂದೇ 1957ರಿಂದ ಪ್ರತ್ಯೇಕ ವಿಭಾಗ ಇದೆ. ಅವರು 'ಟೀನ್ಸ್ ಟಾಪ್ ಟೆನ್' ಅಂತ ಪ್ರತಿ ವರ್ಷ ಒಂದು ಪಟ್ಟಿ ಮಾಡುತ್ತಾರೆ. ಪುಸ್ತಕಗಳನ್ನು ಸೂಚಿಸುವವರು ಹದಿಹರೆಯದವರೇ. ಮತ ಹಾಕುವವರೂ ಅವರೇ. ಶಾಲೆಗಳ, ಊರ ಗ್ರಂಥಾಲಯಗಳ ಓದಿನ ಗುಂಪುಗಳಿಗೆ ಪ್ರಕಾಶಕರು ಬಿಡುಗಡೆಗೆ ಮುಂಚಿನ ಪ್ರತಿಗಳನ್ನು ಕಳಿಸುತ್ತಾರೆ. ಮಕ್ಕಳು ಓದಿ ಬರೆದು ತಿಳಿಸುತ್ತಾರೆ. ಇದರಲ್ಲಿ ನಮ್ಮ ಊರಲ್ಲಿ ಮಾಡಲಾಗದ್ದು ಏನಿದೆ?

ಇನ್ನೊಂದು ವಿಷಯ, ಇದು ಹಿಂದಿನ ಸಾಲಿನವರಿಗೆ. ಆ ವಿಭಾಗಕ್ಕೆ ದಾರಿ ಮಾಡಿದ ಕಾದಂಬರಿಗಳಲ್ಲಿ 1967ರ 'ದಿ ಔಟ್‌ಸೈಡರ್ಸ್' ಮುಖ್ಯವಾದದ್ದು. ಬರೆದವರು ಎಸ್.ಇ. ಹಿಂಟನ್, ಒಕ್ಲಹೋಮಾದ ಟಲ್ಸಾ ಊರಿನ ಹುಡುಗಿ. ಬರೆಯಲು ಕೂತಾಗ ಆಕೆ ಹೈಸ್ಕೂಲಿನಲ್ಲಿದ್ದಳು. ಪುಸ್ತಕ ಬಂದಾಗ ವಯಸ್ಸು ಹದಿನೆಂಟು. ತನ್ನ ಓರಗೆಯವರು ನಿಜವಾಗಿ ಹೇಗಿದ್ದಾರೋ ಹಾಗೆ ತೋರಿಸುವ ಪುಸ್ತಕ ಸಿಗಲಿಲ್ಲ ಅಂತ ತಾನೇ ಬರೆದಳು.

ಈಗ ನಮ್ಮ ಪುಸ್ತಕದ ಅಂಗಡಿಗಳಿಗೆ ಬರೋಣ. ಸುಭಾಸ್ ರಸ್ತೆಯಲ್ಲಿ ನೋಡಿ, ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯಲ್ಲಿ ನೋಡಿ. ಒಂದು ಕಡೆ ಬಣ್ಣದ ಚಿತ್ರಗಳ ಮಕ್ಕಳ ಪುಸ್ತಕ. ಇನ್ನೊಂದು ಕಡೆ ದೊಡ್ಡವರ ಕಾದಂಬರಿ. ನಡುವಿನ ವಯಸ್ಸಿಗೆ ಕಾಣುವುದು ಗೈಡು, ಪ್ರಶ್ನಪತ್ರಿಕೆ, ಸ್ಪರ್ಧಾತ್ಮಕ ಪರೀಕ್ಷೆಯ ದಪ್ಪ ದಪ್ಪ ಪುಸ್ತಕ. 2019ರ ಜನವರಿಯಲ್ಲಿ ಇಲ್ಲೇ ಧಾರವಾಡದಲ್ಲಿ, 2023ರ ಜನವರಿಯಲ್ಲಿ ಹಾವೇರಿಯಲ್ಲಿ ಸಾಹಿತ್ಯ ಸಮ್ಮೇಳನ ಆಯಿತಲ್ಲ, ಪುಸ್ತಕ ಮಳಿಗೆಗಳಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅಲ್ಲೂ ಇದೇ ಕಥೆ. ಹದಿನೈದರ ಹುಡುಗಿ ಬಂದು "ನನಗ ಏನೈತ್ರಿ?" ಅಂತ ಕೇಳಿದರೆ ಅಂಗಡಿಯವರು ಅತ್ತಿತ್ತ ನೋಡುತ್ತಾರೆ. ಸಪ್ತಾಪುರದಲ್ಲಿ ಗಲ್ಲಿ ಗಲ್ಲಿಗೆ 'ಲೈಬ್ರರಿ' ಅಂತ ಬೋರ್ಡ್ ಇದೆ. ಒಳಗೆ ಕುರ್ಚಿ, ಟೇಬಲ್, ವೈಫೈ ಇರುತ್ತದೆ. ಕಥೆ ಪುಸ್ತಕ ಇರುವುದಿಲ್ಲ. ಅಲ್ಲಿ ಓದುವ ಮಕ್ಕಳ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಆ ಟೇಬಲ್‌ಗಳ ಪಕ್ಕ ಒಂದು ಕಪಾಟು ಕಾದಂಬರಿ ಇಟ್ಟರೆ ಯಾರ ರ‍್ಯಾಂಕೂ ಕೆಳಗಿಳಿಯುವುದಿಲ್ಲ.

ಹೊಸ ಪುಸ್ತಕ ಬರುವುದು ಗೊತ್ತಾಗುವುದು ಹೇಗೆ ಅಂತ ಕೆಲವರು ಕೇಳುತ್ತಾರೆ. ಕನ್ನಡದಲ್ಲಿ ಈಗ ಪ್ರಕಾಶಕರು ಮುಖಪುಟವನ್ನು ಫೇಸ್‌ಬುಕ್‌ನಲ್ಲಿ ಮೊದಲೇ ಹಾಕುತ್ತಾರೆ. ಪ್ರಕಟಣಪೂರ್ವ ದರ ಅಂತ ಕಡಿಮೆ ಬೆಲೆಗೆ ಮುಂಗಡ ಬುಕಿಂಗ್ ಇಡುತ್ತಾರೆ. ಲೇಖಕರು ಒಂದು ಅಧ್ಯಾಯವನ್ನು ಪತ್ರಿಕೆಯ ಪುರವಣಿಗೋ ಮಾಸಿಕಕ್ಕೋ ಕೊಟ್ಟಿರುತ್ತಾರೆ. ಪುಸ್ತಕ ಬಿಡುಗಡೆಯ ಆಮಂತ್ರಣ ವಾಟ್ಸ್ಆ್ಯಪ್‌ನಲ್ಲಿ ತಿರುಗುತ್ತಿರುತ್ತದೆ. ಶಾಲೆಯಲ್ಲಿ ಒಬ್ಬ ಅಕ್ಕೋರು, ಇಬ್ಬರು ಮಕ್ಕಳು ಇದರ ಮೇಲೆ ಕಣ್ಣಿಟ್ಟರೆ ಸಾಕು. ಪ್ರಶಸ್ತಿ ಬಂದ ಮೇಲೆ ಕೊಳ್ಳೋಣ ಅಂತ ಕೂತರೆ ತಡವಾಗುತ್ತದೆ. ಪ್ರಶಸ್ತಿ ಬರುವ ಹೊತ್ತಿಗೆ ಪುಸ್ತಕ ಹಳೆಯದಾಗಿರುತ್ತದೆ, ಎಂಟನೇ ತರಗತಿಯ ಹುಡುಗಿ ಪಿಯುಸಿಗೆ ಬಂದಿರುತ್ತಾಳೆ.

ಓದದ ಪುಸ್ತಕವನ್ನು ಸೂಚಿಸುವುದು ಹೇಗೆ? ಇದು ಕಷ್ಟದ ಪ್ರಶ್ನೆ, ಇಲ್ಲಿ ಸ್ವಲ್ಪ ನಿಲ್ಲೋಣ.

ನಾನು ಬೆನ್ನುಡಿಯನ್ನು ನಂಬುವುದಿಲ್ಲ. 'ಮಕ್ಕಳ ಮನೋವಿಕಾಸಕ್ಕೆ ಪೂರಕವಾದ ಕೃತಿ' ಅಂತ ಬರೆದಿದ್ದರೆ ಅದು ಪಾಲಕರ ಜೊತೆ ಮಾತಾಡುತ್ತಿದೆ, ಮಕ್ಕಳ ಜೊತೆ ಅಲ್ಲ. ಮುನ್ನುಡಿಯನ್ನಂತೂ ಮಕ್ಕಳು ಕೊನೆಗೆ ಓದಲಿ. ನಮ್ಮಲ್ಲಿ ಮುನ್ನುಡಿ ಬರೆಯುವ ಹಿರಿಯರು ಪ್ರೀತಿಯಿಂದಲೇ ಬರೆಯುತ್ತಾರೆ, ಆದರೆ ಇಡೀ ಕಥೆ ಹೇಳಿಬಿಡುತ್ತಾರೆ. ಕಳ್ಳ ಯಾರು ಅಂತ ಮುನ್ನುಡಿಯ ಮೂರನೇ ಪುಟದಲ್ಲೇ ಗೊತ್ತಾದರೆ ಹದಿಮೂರರ ಹುಡುಗ ಮುಂದೆ ಯಾಕೆ ಓದಬೇಕು?

ಒಂದು ಅಧ್ಯಾಯ ಎಲ್ಲಾದರೂ ಸಿಕ್ಕರೆ ಅದನ್ನು ನೋಡುತ್ತೇನೆ. ಅಲ್ಲಿ ನಾನು ಹುಡುಕುವುದು ಒಂದನ್ನೇ. ಕಥೆಯಲ್ಲಿ ತೊಂದರೆ ಬಂದಾಗ ಅದನ್ನು ಬಿಡಿಸುವವರು ಯಾರು? ಒಳ್ಳೆಯ ಮಾಸ್ತರರು ಬಂದು ಬಿಡಿಸುತ್ತಾರಾ, ಪಟ್ಟಣದಿಂದ ಮಾಮ ಬಂದು ಬಿಡಿಸುತ್ತಾರಾ? ಹಾಗಾದರೆ ಅದು ಸಣ್ಣ ಮಕ್ಕಳ ಕಥೆ. ಹದಿಹರೆಯದವರ ಕಾದಂಬರಿಯಲ್ಲಿ ಆ ಹುಡುಗಿಯೇ ಏನೋ ಒಂದು ನಿರ್ಧಾರ ಮಾಡಬೇಕು. ಆ ನಿರ್ಧಾರ ತಪ್ಪೂ ಆಗಬಹುದು. ಅದರ ಪರಿಣಾಮವನ್ನು ಅವಳೇ ಎದುರಿಸಬೇಕು. ನಮ್ಮ ಕನ್ನಡದಲ್ಲಿ ಬರುವ ಎಷ್ಟೋ ಕಥೆಗಳು ಈ ಕಡೆಯೇ ಸೋಲುತ್ತವೆ. ಮಗು ಪ್ರಶ್ನೆ ಕೇಳುತ್ತದೆ, ದೊಡ್ಡವರು ಉತ್ತರ ಹೇಳುತ್ತಾರೆ, ಮಗು ಸಂತೋಷದಿಂದ ತಲೆಯಾಡಿಸುತ್ತದೆ. ಹದಿನಾರರ ಹುಡುಗರು ಹಾಗೆ ತಲೆಯಾಡಿಸುವುದನ್ನು ನೀವು ಮನೆಯಲ್ಲಿ ನೋಡಿದ್ದೀರಾ?

ಅಧ್ಯಾಯದ ಉದ್ದವೂ ಮುಖ್ಯ. ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಬಸ್ಸಿನಲ್ಲಿ ಎಷ್ಟು ಮಕ್ಕಳು ದಿನಾ ಓಡಾಡುತ್ತಾರೆ. ಸೀಟು ಸಿಕ್ಕರೆ ಒಂದು ಕಡೆಯ ಪ್ರಯಾಣದಲ್ಲಿ ಒಂದು ಅಧ್ಯಾಯ ಮುಗಿಯುವಂತಿರಬೇಕು. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಕನ್ನಡ ಓದು ನಿಧಾನ. ಅವರಿಗೆ ಅಕ್ಷರ ದೊಡ್ಡದಿದ್ದು, ಅಧ್ಯಾಯ ಚಿಕ್ಕದಿದ್ದರೆ ಅರ್ಧ ಕೆಲಸ ಆದಂತೆ.

ಇನ್ನು ಸೂಚಿಸುವ ಮಾತು. ದಯವಿಟ್ಟು 'ಒಳ್ಳೆಯ ಪುಸ್ತಕ, ಓದು' ಅನ್ನಬೇಡಿ. ಕಥೆ ಎಲ್ಲಿ ಶುರುವಾಗುತ್ತದೆ, ತೊಂದರೆ ಏನು, ಅಷ್ಟು ಹೇಳಿ ನಿಲ್ಲಿಸಿ. 'ಕರ್ವಾಲೊ' ಬಗ್ಗೆ ನಾನು ಹೇಳುವುದು ಹೀಗೆ: "ಮಂದಣ್ಣ ಅಂತ ಒಬ್ಬ ಹುಡುಗ. ಓದಿದವನಲ್ಲ. ಊರಿನವರ ಲೆಕ್ಕದಲ್ಲಿ ಪೆದ್ದ. ಆದರೆ ಕಾಡಿನಲ್ಲಿ ಅವನು ಏನೋ ನೋಡಿದ್ದಾನೆ. ಅದಕ್ಕಾಗಿ ಒಬ್ಬ ದೊಡ್ಡ ವಿಜ್ಞಾನಿ ಅವನ ಹಿಂದೆ ಬಿದ್ದಿದ್ದಾರೆ." ಇಷ್ಟೇ. ಏನು ನೋಡಿದ ಅಂತ ಹೇಳುವುದಿಲ್ಲ. ಎಲ್ಲಿ ಸ್ವಲ್ಪ ನಿಧಾನ ಅನ್ನಿಸಬಹುದು ಅನ್ನುವುದನ್ನೂ ಹೇಳಿ. ಮಕ್ಕಳು ಆ ಪ್ರಾಮಾಣಿಕತೆಯನ್ನು ನೆನಪಿಟ್ಟುಕೊಳ್ಳುತ್ತಾರೆ. ಮತ್ತೆ ಬಿಡಲು ಬಿಡಿ. ಮೂವತ್ತು ಪುಟ ಓದಿ ಇಷ್ಟವಾಗದಿದ್ದರೆ ವಾಪಸು ತರಲಿ. ಯಾಕೆ ಪೂರ್ತಿ ಮಾಡಲಿಲ್ಲ ಅಂತ ಗದರಬೇಡಿ.

ಈಗ ನನ್ನ ಸಣ್ಣ ಪಟ್ಟಿ. ಬರಲಿರುವುದಕ್ಕೆ ಕಾಯುವ ಮೊದಲು ಕೈಯಲ್ಲಿ ಏನಾದರೂ ಇರಬೇಕಲ್ಲ.

ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಕನ್ನಡಕ್ಕೆ 2021ರಲ್ಲಿ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', 2022ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'. ಮೂರು ವರ್ಷ ಸಾಲಾಗಿ ಕಾದಂಬರಿಗಳಿಗೇ ಬಂತು. ನನಗೆ ಇದು ತುಂಬ ಒಳ್ಳೆಯ ಸುದ್ದಿ. ಪದ್ಯ, ನೀತಿಕಥೆ ದಾಟಿ ನಮ್ಮ ಲೇಖಕರು ಈ ವಯಸ್ಸಿನವರಿಗೆ ಉದ್ದದ ಕಥೆ ಬರೆಯಲು ಕೂತಿದ್ದಾರೆ ಅಂತ ಅರ್ಥ. ಎಂಟು, ಒಂಬತ್ತನೇ ತರಗತಿಯವರು ಇಲ್ಲಿಂದ ಶುರು ಮಾಡಲಿ. ಈ ಲೇಖಕರ ಮುಂದಿನ ಪುಸ್ತಕ ಯಾವುದು ಅಂತ ಕೇಳುತ್ತಿರಲಿ.

2011ರಲ್ಲಿ ಇದೇ ಪುರಸ್ಕಾರ ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' ಕಾದಂಬರಿಗೆ ಬಂತು. ಶರಾವತಿಯ ನೀರಿಗೆ ಮುಳುಗಿದ ಊರುಗಳ ಬಗ್ಗೆ ಡಿಸೋಜ ಅವರು ಬದುಕಿಡೀ ಬರೆದರು. ಅದು ಮಲೆನಾಡಿನ ಕಥೆ, ನಮಗೇನು ಅನ್ನಬೇಡಿ. ಬಾಗಲಕೋಟೆ ಕಡೆ ನೆಂಟರಿರುವ ಮಕ್ಕಳಿಗೆ ಮುಳುಗಡೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟ ಅಜ್ಜಿ ಎಷ್ಟೋ ಮನೆಗಳಲ್ಲಿ ಇದ್ದಾರೆ. ಪುಸ್ತಕ ಓದಿದ ಮೇಲೆ ಹೋಗಿ ಆ ಅಜ್ಜಿಯನ್ನು ಮಾತಾಡಿಸಿ.

ಪಿಯುಸಿಯವರಿಗೆ ಇಷ್ಟು ಸಾಲದು. ತೇಜಸ್ವಿಯವರ 'ಜುಗಾರಿ ಕ್ರಾಸ್' ಇದೆ, ಒಂದು ದಿನದೊಳಗೆ ನಡೆದುಹೋಗುವ ಕಥೆ, ಹಿಡಿದರೆ ಬಿಡಲಾಗುವುದಿಲ್ಲ. ವಸುಧೇಂದ್ರ ಅವರ 'ತೇಜೋ ತುಂಗಭದ್ರಾ' 2019ರದ್ದು. ಲಿಸ್ಬನ್ನಿನಿಂದ ವಿಜಯನಗರದವರೆಗೆ ಓಡುತ್ತದೆ. ಅದರಲ್ಲಿ ಹಿಂಸೆ ಜಾಸ್ತಿ ಇದೆ, ಮೊದಲೇ ಹೇಳಿ ಕೊಡಿ.

ಇಂಗ್ಲಿಷ್ ಓದುವವರಿಗೆ ಒಂದು ಹೆಸರು ಹೇಳಲೇಬೇಕು. ಸಿದ್ಧಾರ್ಥ ಶರ್ಮಾ ಅವರ 'ಇಯರ್ ಆಫ್ ದಿ ವೀಡ್ಸ್', 2018ರಲ್ಲಿ ಬಂದದ್ದು. ಒಡಿಶಾದ ಕೊರೊಕ್ ಅನ್ನುವ ಗೊಂಡ ಹುಡುಗ. ತೋಟದ ಕೆಲಸ ಮಾಡುತ್ತಾನೆ. ಅವನ ಜನರ ಬೆಟ್ಟಕ್ಕೆ ಗಣಿ ಕಂಪನಿ ಬರುತ್ತದೆ. ಗದಗಿನ ಮಕ್ಕಳು ಇದನ್ನು ಓದಿದರೆ ಅವರ ಕಣ್ಣ ಮುಂದೆ ಕಪ್ಪತಗುಡ್ಡ ನಿಲ್ಲುತ್ತದೆ. ಗಣಿಗಾರಿಕೆ ಬೇಡ ಅಂತ ಆ ಗುಡ್ಡಕ್ಕಾಗಿ ಜನ ಬೀದಿಗೆ ಇಳಿದರು, 2019ರಲ್ಲಿ ಅದು ವನ್ಯಜೀವಿ ಧಾಮ ಆಯಿತು. ಆ ಮೆರವಣಿಗೆಗಳಲ್ಲಿ ಅಪ್ಪನ ಹೆಗಲ ಮೇಲೆ ಕೂತಿದ್ದ ಮಗು ಈಗ ಹೈಸ್ಕೂಲಿನಲ್ಲಿ ಇರಬೇಕು. ಆ ಕಥೆಯನ್ನು ಮುಂಡರಗಿಯ, ಡಂಬಳದ ಹುಡುಗನೋ ಹುಡುಗಿಯೋ ಬರೆದರೆ ನಾನು ಮೊದಲ ಪ್ರತಿಗೆ ಇವತ್ತೇ ದುಡ್ಡು ಕಟ್ಟುತ್ತೇನೆ.

ಭಾಷೆಯ ಬಗ್ಗೆಯೂ ಹೇಳಬೇಕು. ನಮ್ಮ ಮಕ್ಕಳು ಮನೆಯಲ್ಲಿ ಆಡುವ ಕನ್ನಡ ಪುಸ್ತಕದಲ್ಲಿ ಸಿಗುವುದು ಕಡಿಮೆ. 'ಹೋಕ್ಕೀನಿ', 'ಬರಾಕತ್ತೇನಿ' ಅನ್ನುವ ಮಾತು ಕಾದಂಬರಿಯಲ್ಲಿ ಬಂದರೆ ಬಹುಪಾಲು ಅದು ಆಳಿನ ಬಾಯಲ್ಲಿ, ಇಲ್ಲವೇ ನಗಿಸುವವನ ಬಾಯಲ್ಲಿ. ನಾಯಕಿ ಮಾತ್ರ ಶುದ್ಧ ಗ್ರಾಂಥಿಕ. ಇದು ಮಕ್ಕಳಿಗೆ ನೋವಾಗುವ ವಿಷಯ, ಅವರು ಹೇಳುವುದಿಲ್ಲ ಅಷ್ಟೇ. ಹೊಸ ಕಾದಂಬರಿ ಆರಿಸುವಾಗ ಇದನ್ನೂ ನೋಡಿ. ಪ್ರೀತಿ ಮಾಡುವವಳು, ಸಿಟ್ಟು ಮಾಡುವವಳು, ಗಣಿತದಲ್ಲಿ ಮುಂದೆ ಇರುವವಳು ನಮ್ಮ ಮಾತಿನಲ್ಲೇ ಮಾತಾಡುವ ಪುಸ್ತಕ ಬರಬೇಕು. ಕೇಳುವವರು ಇದ್ದರೆ ಬರೆಯುವವರು ಬರುತ್ತಾರೆ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಎಲ್ಲರೂ ಕೊಳ್ಳಬೇಕಿಲ್ಲ. ಐದು ಜನ ಸೇರಿ ಮುಂಗಡ ಬುಕಿಂಗ್ ದರದಲ್ಲಿ ಒಂದು ಪ್ರತಿ ತಗೊಳ್ಳಿ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ಹಾಗಾಗಿ ಊರ ಗ್ರಂಥಾಲಯಕ್ಕೆ ಹೋಗಿ ಇಂಥ ಪುಸ್ತಕ ತರಿಸಿರಿ ಅಂತ ಕೇಳುವ ಹಕ್ಕು ನಮಗಿದೆ. ಹಳ್ಳಿಯ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಸದಸ್ಯತ್ವ ಉಚಿತ, 6ರಿಂದ 18 ವರ್ಷದವರಿಗೆ. 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಬಂದದ್ದು. ಹೆಸರು ಬರೆಸದಿದ್ದವರು ಬರೆಸಿ.

ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬ ತಾಯಿ ಎದ್ದು ನಿಂತರು. "ಹೊಸ ಪುಸ್ತಕದಾಗ ಏನಿರತದೋ ಗೊತ್ತಿಲ್ಲ. ಪ್ರೀತಿ ಪ್ರೇಮ ಇದ್ರ? ನಾವು ಮೊದಲು ಓದೂದು ಬ್ಯಾಡಂದ್ರ ಹೆಂಗ್ರಿ?"

ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ಅಕ್ಕ. ಓದಬೇಡಿ ಅಂತ ನಾನು ಹೇಳುವುದಿಲ್ಲ. ಜೊತೆಗೇ ಓದಿ. ಮಗಳು ಒಂದು ಅಧ್ಯಾಯ, ನೀವು ಒಂದು ಅಧ್ಯಾಯ. ಪ್ರೀತಿ, ಮುಟ್ಟು, ಜಾತಿ, ಕುಡಿಯುವ ಅಪ್ಪ, ಮನೆಯಲ್ಲಿ ಒಂದು ಸಾವು, ಇವೆಲ್ಲ ಈ ವಯಸ್ಸಿನ ಮಕ್ಕಳ ಸುತ್ತ ಆಗಲೇ ಇವೆ. ಹದಿನಾರಕ್ಕೆ ಮದುವೆ ಮಾತು ಕೇಳಿಸಿಕೊಳ್ಳುವ ಹುಡುಗಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾಳೆ. ಅವಳಿಗೆ ಈ ವಿಷಯ ಗುಟ್ಟಲ್ಲ. ಅದರ ಬಗ್ಗೆ ಮಾತಾಡಲು ಜೊತೆ ಇಲ್ಲ, ಅಷ್ಟೇ. ಒಂದು ಕಾದಂಬರಿಯ ಹುಡುಗಿಯ ನೆಪದಲ್ಲಿ ಅವಳು ನಿಮ್ಮ ಹತ್ತಿರ ಮಾತಾಡಿದರೆ ಅದಕ್ಕಿಂತ ದೊಡ್ಡ ಲಾಭ ಬೇಡ. ಪುಸ್ತಕದಲ್ಲಿ ತುಂಬ ಹಿಂಸೆಯೋ ಆತ್ಮಹತ್ಯೆಯ ವಿಷಯವೋ ಇದ್ದರೆ ಮೊದಲೇ ತಿಳಿಸಿ. ಬೇಕೋ ಬೇಡವೋ ಅವಳು ಹೇಳಲಿ.

ಹತ್ತನೇ ತರಗತಿಯ ಹುಡುಗನೊಬ್ಬನ ಪ್ರಶ್ನೆ: "ನಾನು ಮೊಬೈಲ್‌ನಾಗ ಪ್ರತಿಲಿಪಿ ಆ್ಯಪ್‌ನಾಗ ಕಥಿ ಓದ್ತೀನ್ರಿ. ಅದು ಓದು ಅಲ್ಲೇನ್ರಿ?"

ಖಂಡಿತ ಓದೇ, ತಮ್ಮಾ. ಮುಂದಿನ ಭಾಗ ಯಾವಾಗ ಬರುತ್ತೆ ಅಂತ ನೀನು ಕಾಯುತ್ತೀಯಲ್ಲ, ಅಗಡಿಯ ಪತ್ರಿಕೆಗೆ ಕಾದವರೂ ಅದೇ ಮಾಡಿದ್ದು. ಅಲ್ಲಿ ದೊಡ್ಡವರ ಕಥೆಗಳೂ ಬರುತ್ತವೆ, ವಯಸ್ಸು ನೋಡಿ ಆರಿಸು. ನಿನಗೆ ಅಲ್ಲಿ ಯಾವ ಬಗೆಯ ಕಥೆ ಹಿಡಿಸುತ್ತದೆ ಅಂತ ಬರೆದು ಕೊಡು. ಅದನ್ನು ನೋಡಿದರೆ ನಿನಗೆ ಯಾವ ಕಾದಂಬರಿ ಕೊಡಬೇಕು ಅಂತ ನನಗೆ ಗೊತ್ತಾಗುತ್ತದೆ.

ಕೊನೆಗೆ ಒಬ್ಬಳು, ಹಿಂದಿನ ಸಾಲಿನಿಂದ: "ಪುಸ್ತಕ ಇಷ್ಟ ಆಗಲಿಲ್ಲ ಅಂದ್ರ ಬರೆದವ್ರಿಗೆ ಹೇಳಬಹುದೇನ್ರಿ? ಸಿಟ್ಟಾಗಂಗಿಲ್ಲೇನು?"

ಹೇಳಬಹುದು, ತಂಗಿ. ಹೇಳಲೇಬೇಕು. ಶೀರ್ಷಿಕೆ ಪುಟದ ಹಿಂಬದಿ ನೋಡು, ಬೆಲೆ, ಮುದ್ರಣದ ವರ್ಷ ಇರುವ ಕಡೆ ಪ್ರಕಾಶಕರ ವಿಳಾಸ, ಫೋನ್ ನಂಬರ್ ಇರುತ್ತದೆ. ಅಲ್ಲಿಗೆ ಬರೆದರೆ ಲೇಖಕರಿಗೆ ತಲುಪುತ್ತದೆ. ನಮ್ಮಲ್ಲಿ ಮೊದಲ ಮುದ್ರಣ ಸಾಮಾನ್ಯವಾಗಿ ಸಾವಿರ ಪ್ರತಿಯೋ ಅದಕ್ಕೂ ಕಡಿಮೆಯೋ. ಎರಡನೇ ಮುದ್ರಣಕ್ಕೆ ತಿದ್ದಲು ಅವಕಾಶ ಇರುತ್ತದೆ. ಸಿಟ್ಟಾಗುವವರು ಇರಬಹುದು. ಆದರೆ ಹದಿನಾರರ ಓದುಗರಿಂದ ಪತ್ರ ಬಂದರೆ ಕುಣಿದಾಡುವ ಲೇಖಕರನ್ನೇ ನಾನು ಜಾಸ್ತಿ ನೋಡಿದ್ದೇನೆ. 'ತುಂಬ ಚೆನ್ನಾಗಿದೆ, ಆದರೆ' ಅಂತ ಶುರು ಮಾಡಬೇಡ. ಯಾವ ಪುಟದಲ್ಲಿ ಓದು ನಿಲ್ಲಿಸಿದೆ ಅನ್ನುವುದನ್ನು ಮೊದಲು ಬರಿ. ಆಮೇಲೆ ಯಾಕೆ ಅಂತ ಬರಿ. ನಿನ್ನ ಹೆಸರು, ತರಗತಿ, ಊರು ಬರಿ. ಮುಂದಿನ ಪುಸ್ತಕದ ಅಧ್ಯಾಯ ಇದ್ದರೆ ನಮ್ಮ ಶಾಲೆಗೆ ಕಳಿಸಿ, ಓದಿ ಹೇಳುತ್ತೇವೆ ಅಂತಲೂ ಸೇರಿಸು.